ಮನೆ ನೋಡಲು ಬಂದವರು

ಮುಂಬೈಯಿಂದ ರಜೆಗೆ ಬರುವಾಗ ಗೆಳತಿಯೊಬ್ಬಳನ್ನು ಕರೆದುಕೊಂಡು ಬರುತ್ತೇನೆ, ಒಂದೂವರೆ ತಿಂಗಳು ಇರುತ್ತಾಳೆ ಎಂದು ಮಗಳು ನೀಲಮ ಫೋನಿನಲ್ಲಿ ಹೇಳಿದಾಗ ಸುಗಂಧಾ, "ಬರ್ಲಿ ತಗೋ, ಐದು ಮಂದಿಗೆ ರೊಟ್ಟಿ ಬಡಿಯೂ ಕೈ ಆರನೇದಾಕಿಗೂ ಬಡಿತೈತಿ" ಎಂದಿದ್ದಳು. ಗೆಳತಿ ಯಾವ ಊರಿನವಳೆಂದು ಕೇಳಬೇಕೆಂದು ಅವಳಿಗೆ ಹೊಳೆದಿರಲಿಲ್ಲ. ಸೋಲಾಪುರದವಳೋ ನಾಗಪುರದವಳೋ ಇದ್ದಾಳು ಎಂದುಕೊಂಡಿದ್ದಳು.

ಮೇ ತಿಂಗಳ ಮೊದಲ ವಾರ ನಿಪ್ಪಾಣಿ ಬಸ್‌ಸ್ಟ್ಯಾಂಡಿನಿಂದ ಬಂದ ರಿಕ್ಷಾ ಮನೆಯ ಮುಂದೆ ನಿಂತಾಗ ಸುಗಂಧಾ ಬೀಡಿ ಎಲೆ ಕತ್ತರಿಸುತ್ತ ಕಟ್ಟೆಯ ಮೇಲೆ ಕೂತಿದ್ದಳು. ಮೊದಲು ನೀಲಮ ಇಳಿದಳು. ಅವಳ ಹಿಂದೆ ಎತ್ತರದ, ಕಪ್ಪಗಿನ, ತಲೆಗೂದಲನ್ನು ಸಣ್ಣ ಸಣ್ಣ ಜಡೆ ಹೆಣೆದುಕೊಂಡ ಹುಡುಗಿಯೊಬ್ಬಳು ಚೀಲ ಹೆಗಲಿಗೇರಿಸಿಕೊಂಡು ಇಳಿದು ಎರಡೂ ಕೈ ಜೋಡಿಸಿ "ಜೈ ಭೀಮ್, ಆಯಿ" ಎಂದಳು. ಸುಗಂಧಾಳ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು. ಒಳಗಿನಿಂದ ಅತ್ತೆ ಸೀತವ್ವ, "ಯಾರ ನನ್ನ ಕರದವರು?" ಎಂದು ಕೂಗಿದಳು. ಈ ಮನೆಯಲ್ಲಿ ಆಯಿ ಎಂದರೆ ಅಜ್ಜಿ. ಹುಡುಗಿ ಮುಂಬೈಯಲ್ಲಿ ಕಲಿತ ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಮುಂದೆಯೂ ಅವಳು ಆಯಿ ಎಂದಾಗಲೆಲ್ಲ ಅತ್ತೆ ಸೊಸೆ ಇಬ್ಬರೂ ಓಗೊಡುತ್ತಿದ್ದರು.

ಹುಡುಗಿಯ ಹೆಸರು ಚಿಸೊಮೊ. ಆಫ್ರಿಕಾದ ಮಲಾವಿ ದೇಶದವಳು. ಸರ್ಕಾರದ ಸ್ಕಾಲರ್‌ಶಿಪ್ ಮೇಲೆ ಬಂದು ಮುಂಬೈಯಲ್ಲಿ ನೀಲಮಳ ತರಗತಿಯಲ್ಲೇ ಎಂ.ಎ. ಓದುತ್ತಿದ್ದಳು. ಸೀತವ್ವ ಎರಡು ಸಲ ಆ ಹೆಸರನ್ನು ಬಾಯಲ್ಲಿ ಹೊರಳಿಸಿ ನೋಡಿ, "ಅದೆಲ್ಲ ನನಗ ಆಗಂಗಿಲ್ಲ, ಸೋಮವ್ವ ಅಂತೀನಿ" ಎಂದುಬಿಟ್ಟಳು.

ನೀಲಮ ಏನು ಓದುತ್ತಾಳೆಂದು ಮನೆಯಲ್ಲಿ ಯಾರಿಗೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಆಫ್ರಿಕಾದ ಜನರ ಚರಿತ್ರೆ, ಅಲ್ಲಿಂದ ಹಡಗಿನಲ್ಲಿ ತುಂಬಿಕೊಂಡು ಹೋಗಿ ಮಾರಿದವರ ಚರಿತ್ರೆ, ಅವರ ಮಕ್ಕಳು ಮೊಮ್ಮಕ್ಕಳು ಲೋಕದ ಎಲ್ಲೆಲ್ಲಿ ಚೆದುರಿ ಹೋಗಿ ಹೇಗೆ ಬದುಕಿದರು ಎಂಬುದು, ಇದೆಲ್ಲ ಅವಳ ಪಾಠದಲ್ಲಿತ್ತು. ಹಳಿಯಾಳದ ಕಾಡಿನ ಸಿದ್ದಿಗಳೂ ಅದರಲ್ಲಿ ಬರುತ್ತಾರೆ ಎಂದಿದ್ದಳು. ಅವಳ ತಂದೆ ತುಕಾರಾಮ ತಾಲೂಕು ಕಚೇರಿಯಲ್ಲಿ ಜವಾನನಾಗಿದ್ದು ನಿವೃತ್ತನಾದವನು. ಯಾರಾದರೂ ಕೇಳಿದರೆ "ಹಿಸ್ಟ್ರಿಯೊಳಗ ಎಂ.ಎ. ಮಾಡಾಕತ್ತಾಳ್ರಿ" ಎಂದು ಹೇಳಿ ಮುಗಿಸುತ್ತಿದ್ದ. ಅಣ್ಣ ಸಮಾಧಾನನಿಗೆ ಮಾತ್ರ ಅದು ಯಾವತ್ತೂ ಸರಿಬಂದಿರಲಿಲ್ಲ. ಚಿಕ್ಕೋಡಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಡೆ ಅವನಿಗೆ ಕಾರಕೂನನ ಕೆಲಸ.

"ಬಿ.ಎಡ್. ಮಾಡು ಅಂದೆ. ಕೇಳಲಿಲ್ಲ. ನಮ್ಮ ಮಂದಿದ ಗೋಳಽ ನಮಗ ಸಾಕಾಗೇತಿ, ಅದರಾಗ ಆಫ್ರಿಕಾದವರದ್ದ ತಗೊಂಡು ಏನ್ ಮಾಡಾಕಿ?" ಎಂದು ಮೊದಲ ದಿನದ ಊಟದಲ್ಲೇ ಅವನು ಶುರು ಮಾಡಿದ.

"ಅದನ್ನ ಓದಿದ ಮ್ಯಾಲೇನ ನಮ್ಮದು ನನಗ ತಿಳ್ಯಾಕತ್ತಿದ್ದು" ಎಂದಳು ನೀಲಮ. "ಅಮೆರಿಕಾದಾಗ ತಂಬಾಕಿನ ಹೊಲಕ್ಕಂತ ಮಂದಿನ್ನ ಕೊಂಡುಕೊಂಡು ಒಯ್ತಿದ್ರು. ತಂಬಾಕಿಗೆ ಅಣ್ಣಾ. ಇಲ್ಲಿ ಅವ್ವ ಮೊರದಾಗ ಇಟ್ಕೊಂಡು ಕುಂತಾಳಲ್ಲ, ಅದಕ್ಕ."

"ತಂಬಾಕದ ಮ್ಯಾಲ ಓದಿದ್ರ ಯಾರ ನೌಕರಿ ಕೊಡ್ತಾರ?"

"ಉಣ್ಣೂ ಹೊತ್ತಿನ್ಯಾಗ ಬ್ಯಾಡ" ಎಂದ ತುಕಾರಾಮ. ಚಿಸೊಮೊ ತಲೆ ತಗ್ಗಿಸಿಕೊಂಡು ರೊಟ್ಟಿಯನ್ನು ಎರಡೂ ಕೈಯಿಂದ ಮುರಿಯುತ್ತಿದ್ದಳು. ಮಾತು ಅವಳಿಗೆ ತಿಳಿಯದಿದ್ದರೂ ದನಿ ತಿಳಿದಿತ್ತು.

ಎಂ.ಎ. ಮುಗಿಯುವ ಮುಂಚೆ ಇಬ್ಬರೂ ಒಂದೊಂದು ಪ್ರಬಂಧ ಬರೆಯಬೇಕಿತ್ತು. ನೀಲಮಳದು ಆಫ್ರಿಕಾದಿಂದ ಗುಲಾಮರಾಗಿ ಮಾರಿಹೋದ ಹೆಂಗಸರ ಬಗ್ಗೆ. ಚಿಸೊಮೊ ತನ್ನ ದೇಶದ ತಂಬಾಕಿನ ಹೆಂಗಸರನ್ನೂ ನಿಪ್ಪಾಣಿಯ ತಂಬಾಕಿನ ಹೆಂಗಸರನ್ನೂ ಜೊತೆಗಿಟ್ಟು ಬರೆಯಬೇಕೆಂದು ಬಂದಿದ್ದಳು. ಅವಳ ತಾಯಿ ಎಸ್ನಾತ್ ಮೂವತ್ತು ವರ್ಷ ಬೇರೆಯವರ ಹೊಲದಲ್ಲಿ ತಂಬಾಕು ಕೊಯ್ದವಳು. ಬೆಳಗಿನ ಇಬ್ಬನಿಯಲ್ಲಿ ಒದ್ದೆ ಎಲೆ ಮುಟ್ಟಿ ಮುಟ್ಟಿ ಮಧ್ಯಾಹ್ನದೊಳಗೆ ತಲೆ ಸುತ್ತಿ ವಾಂತಿಯಾಗುತ್ತಿತ್ತಂತೆ. ಅದನ್ನು ನೀಲಮ ಕನ್ನಡದಲ್ಲಿ ಹೇಳಿದಾಗ ಸೀತವ್ವ ತನ್ನ ಎರಡೂ ಅಂಗೈ ಎತ್ತಿ ಚಿಸೊಮೊಳ ಮುಂದೆ ಹಿಡಿದು, "ನೋಡಬೇ" ಎಂದಳು. ತಂಬಾಕು ತುಂಬಿಡುವ ವಖಾರಿಯಲ್ಲಿ ಐವತ್ತು ವರ್ಷ ದುಡಿದ ಕಪ್ಪು ಆ ಗೆರೆಗಳಲ್ಲಿ ಇನ್ನೂ ಕೂತಿತ್ತು.

ಆಮೇಲಿನ ಮೂರು ವಾರ ಮನೆ ಬೇರೆ ರೀತಿ ನಡೆಯಿತು. ಬೆಳಿಗ್ಗೆ ಚಿಸೊಮೊ ಅಂಗಳ ಗುಡಿಸುತ್ತಿದ್ದಳು. ಬೇಡವೆಂದರೂ ಕೇಳುತ್ತಿರಲಿಲ್ಲ. ನಳ ಬಂದಾಗ ಎರಡು ಕೊಡ ಒಂದೇ ಸಲ ತರುತ್ತಿದ್ದಳು, ಒಂದು ಸೊಂಟದಲ್ಲಿ, ಒಂದು ಕೈ ಬಿಟ್ಟು ತಲೆಯ ಮೇಲೆ. ಹತ್ತು ಗಂಟೆಯ ಮೇಲೆ ಗೆಳತಿಯರಿಬ್ಬರೂ ತಂಬಾಕಿನ ಕೆಲಸದ ಹೆಂಗಸರ ಮಾತು ರೆಕಾರ್ಡ್ ಮಾಡಿಕೊಳ್ಳಲು ಹೊರಡುತ್ತಿದ್ದರು. ಸಂಜೆ ಬಂದು ಸುಗಂಧಾಳ ಎದುರು ಕೂತು ಬೀಡಿ ಸುತ್ತುವುದನ್ನು ಕಲಿಯುತ್ತಿದ್ದರು. ಚಿಸೊಮೊ ಸುತ್ತಿದ ಬೀಡಿ ಎಲ್ಲ ಹೊಟ್ಟೆ ಉಬ್ಬಿ ಬಿಚ್ಚಿಕೊಳ್ಳುತ್ತಿದ್ದವು. ಸುಗಂಧಾ ಮಾತಾಡದೆ ಬಿಚ್ಚಿ ಮತ್ತೆ ಸುತ್ತುತ್ತಿದ್ದಳು. ಒಂದು ದಿನ ಚಿಸೊಮೊ ಗೋವಿನಜೋಳದ ಹಿಟ್ಟು ತರಿಸಿ ತನ್ನ ಊರಿನ ಅಡಿಗೆ ಮಾಡಿದಳು. ಕುದಿಯುವ ನೀರಿಗೆ ಹಿಟ್ಟು ಹಾಕಿ ಗಟ್ಟಿಯಾಗಿ ತಿರುವಿ ಉಂಡೆಯಾಗಿ ಬಡಿಸಿದಾಗ ಹಲ್ಲಿಲ್ಲದ ಸೀತವ್ವ ನುಂಗಿ, "ಇದು ಸಂಕಟಿ ಅಲ್ಲೇನ? ಇದನ್ನ ಮಾಡಾಕ ಅಷ್ಟು ದೂರಿಂದ ಬಂದಿ?" ಎಂದು ನಕ್ಕಳು.

ಸುಗಂಧಾಗೆ ಆ ಹುಡುಗಿಯ ಮೇಲೆ ಮನಸ್ಸು ಕೂತಿತ್ತು. ಆದರೆ ಓಣಿಯವರ ಕಣ್ಣು ಅವಳ ಬೆನ್ನಿಗೆ ತಾಗುತ್ತಿತ್ತು. ನೀರಿಗೆ ಹೋದಲ್ಲಿ ಯಾರೋ "ಹಬಶಿ ಬಂದಾಳಂತಲ್ಲ ನಿಮ್ಮನಿಗೆ" ಎನ್ನುತ್ತಿದ್ದರು. ಬೀಡಿ ಕೊಡಲು ಹೋದಲ್ಲಿ, "ಮನಷ್ಯಾರು ತಿನ್ನೂದ ತಿಂತಾಳೇನ?" ಎಂದು ಕೇಳಿ ನಗುತ್ತಿದ್ದರು. ಪಕ್ಕದ ಮನೆಯ ಕಾಂಚನ ಒಂದು ಸಂಜೆ ಗೋಡೆಯಾಚೆಯಿಂದ, "ಸಮಾಧಾನಂದು ಲಗ್ನ ಆಗೂತನಕ ಸ್ವಲ್ಪ ನೋಡಿಕೋಬೇಕಿತ್ತು ಅಕ್ಕಾ" ಎಂದಳು. ಸುಗಂಧಾ ಒಣಗಿದ ಬಟ್ಟೆ ಎತ್ತಿಕೊಂಡು ಒಳಗೆ ನಡೆದಳು. ಆದರೆ ಆ ಮಾತು ಅಡಿಗೆ ಮನೆಯವರೆಗೂ ಅವಳ ಹಿಂದೆಯೇ ಬಂತು.

ಸಮಾಧಾನನಿಗೆ ಇಪ್ಪತ್ತೊಂಬತ್ತು ತುಂಬಿತ್ತು. ಎರಡು ವರ್ಷದಲ್ಲಿ ಮೂರು ಕಡೆಯವರು ಮನೆ ನೋಡಿ ಹೋಗಿದ್ದರು. ಚಹಾ ಕುಡಿದು, ಅವಲಕ್ಕಿ ತಿಂದು, "ಹೇಳಿ ಕಳಸ್ತೀವ್ರಿ" ಎಂದು ಹೋದವರು ಹೇಳಿ ಕಳಿಸಿರಲಿಲ್ಲ. ರಾಯಬಾಗದವರು ಬಂದು ಹೋದ ಮೇಲೆ ಸಮಾಧಾನ ಎಂಟು ದಿನ ಮನೆಯಲ್ಲಿ ಯಾರೊಂದಿಗೂ ಮಾತಾಡಿರಲಿಲ್ಲ. ತಾನೇ ಸುಣ್ಣ ತಂದು ಮುಂದಿನ ಗೋಡೆಗೆ ಬಳಿದಿದ್ದ. ಸುಗಂಧಾ ಅದನ್ನು ಮರೆತಿರಲಿಲ್ಲ.

ನಾಲ್ಕನೆಯ ವಾರ ಅವಳ ತಮ್ಮ ಭರಮು ಹಾರೂಗೇರಿಯಿಂದ ಬಂದ. ಕಾಗವಾಡದಲ್ಲಿ ಒಂದು ಸಂಬಂಧ ಇದೆ ಎಂದ. ಹುಡುಗಿ ಮನಿಷಾ, ಮಿರಜಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಸಮಾಧಾನ ಆಗಲೇ ಹೋಗಿ ನೋಡಿ ಬಂದಿದ್ದ, ಹುಡುಗಿಯೂ ಒಪ್ಪಿದ್ದಳು. ಇನ್ನು ಅವರ ಕಡೆಯವರು ಮನೆ ನೋಡಲು ಬರುವುದು ಉಳಿದಿತ್ತು.

"ಈ ರವಿವಾರ ಬರ್ತಾರ" ಎಂದ ಭರಮು. ಚಹಾ ಕುಡಿಯುತ್ತ, ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದ ಚಿಸೊಮೊಳ ಕಡೆ ನೋಡಿ ದನಿ ಇಳಿಸಿದ. "ಅಕ್ಕಾ, ಅವತ್ತೊಂದ ದಿನ ಈ ಹುಡುಗಿನ್ನ ಎಲ್ಲಿಗ್ಯಾರ ಕಳಸು. ಪಾಲಬಾವಿಯೊಳಗ ನಮ್ಮ ಚಿಗವ್ವ ಅದಾಳಲ್ಲ."

"ಯಾಕ ಕಳಸ್ಬೇಕು ಮಾಮಾ?" ಎಂದಳು ನೀಲಮ. ಅವಳು ಬಾಗಿಲಲ್ಲೇ ನಿಂತಿದ್ದಳು.

"ಹಂಗಲ್ಲವ್ವಾ. ಬಂದವರು ಕೇಳ್ತಾರ, ಯಾರು, ಯಾಕ ಅದಾರ ಅಂತ. ಒಂದಕ್ಕ ಹತ್ತು ಮಾತಾಗತಾವು."

"ಆಗ್ಲಿ. ನನ್ನ ಗೆಳತಿ ಅಂತ ಹೇಳ್ರಿ."

ಸಮಾಧಾನ ಎದ್ದು ನಿಂತ. "ನಿನಗೇನ ಹೋಗೂದು? ನೀ ಮುಂಬೈಕ್ಕ ಹೋಗ್ತಿ. ಇಲ್ಲಿ ಇರಾಂವ ನಾನು. ಮೂರು ಸಲ ಮಂದಿ ಬಂದು ಈ ಗೋಡಿ, ಈ ಹಂಚು ನೋಡಿ ಹೋಗ್ಯಾರ. ನಾಕನೇದವರಿಗೆ ಇನ್ನೊಂದ ಕಾರಣ ಕೊಡಬೇಕೇನ?"

"ಅಕಿ ಕಾರಣ ಏನೋ ಅಣ್ಣಾ? ಅಕಿ ಮನಷ್ಯಾಳು."

"ನಿನ್ನ ಪುಸ್ತಕದಾಗ."

ತುಕಾರಾಮ ಪೇಪರ್ ಮಡಚಿ ಪಕ್ಕಕ್ಕಿಟ್ಟ. ಏನೋ ಹೇಳುತ್ತಾನೆಂದು ಎಲ್ಲರೂ ಅವನನ್ನು ನೋಡಿದರು. ಅವನು ಗೋಡೆಯ ಮೇಲಿನ ಬುದ್ಧನ ಪಟದ ಕಡೆ ಒಮ್ಮೆ ನೋಡಿ, ಚಪ್ಪಲಿ ಮೆಟ್ಟಿ ಹೊರಗೆ ಹೋದ. ಮೂವತ್ತು ವರ್ಷ ಕಚೇರಿಯಲ್ಲಿ ಸಾಹೇಬರ ಬಾಗಿಲು ಕಾದವನಿಗೆ ಜಗಳದ ಮಧ್ಯೆ ಎದ್ದು ಹೋಗುವುದು ರೂಢಿಯಾಗಿತ್ತು. ಹಾಗಾಗಿ ನಿರ್ಧಾರ ಸುಗಂಧಾಳ ಮೇಲೆ ಬಿತ್ತು.

ಅವಳು ಎರಡು ದಿನ ಯೋಚಿಸಿದಳು. ಪಾಲಬಾವಿಗೆ ಕಳಿಸಿದರೆ ನೀಲಮಳೂ ಹೋಗುತ್ತಾಳೆ, ಬಂದವರು ಹುಡುಗನ ತಂಗಿ ಎಲ್ಲಿ ಎಂದು ಕೇಳುತ್ತಾರೆ. ಶನಿವಾರ ಸಂಜೆ ನೀಲಮಳನ್ನು ಕರೆದು, "ಹಿಂದಿನ ಖೋಲ್ಯಾಗ ಕುಂಡ್ರಲಿ. ಎರಡು ತಾಸಿನ ಮಾತು. ನೀನ ಅಕಿಗೆ ಸಮಜಾಯಿಸಿ ಹೇಳು" ಎಂದಳು.

"ನಾ ಹೇಳೂದಿಲ್ಲ ಅವ್ವಾ."

"ನಿಮ್ಮಣ್ಣನ ಮಾರಿ ನೋಡು."

"ನೋಡೀನಿ. ಅಕಿ ಮಾರಿನೂ ನೋಡೀನಿ. ನನ್ನ ಬಾಯಿಂದ ಆಗೂದಿಲ್ಲ."

ಕೊನೆಗೆ ಸುಗಂಧಾಳೇ ಹೋದಳು. ಹಿಂದಿನ ಖೋಲಿ ಎಂದರೆ ಬೀಡಿ ಎಲೆಯ ಚೀಲ, ಜೋಳದ ಡಬ್ಬಿ, ಹಳೆಯ ಹಾಸಿಗೆ ಇಡುವ ಜಾಗ. ಒಂದು ಸಣ್ಣ ಕಿಟಕಿ. ಚಿಸೊಮೊ ಅಲ್ಲಿಯೇ ಕೂತು ಬರೆಯುತ್ತಿದ್ದಳು. ಸುಗಂಧಾ ತನಗೆ ಬರುವಷ್ಟು ಹಿಂದಿಯಲ್ಲಿ, "ಬೇಟಿ, ಕಲ್ ಮೆಹಮಾನ್. ಸಮಾಧಾನ್ ಶಾದಿ. ತುಮ್ ಅಂದರ್" ಎಂದು ಕೈಯಿಂದ ನೆಲ ತೋರಿಸಿದಳು. ಹೇಳುವಾಗ ಹುಡುಗಿಯ ಮುಖ ನೋಡಲಿಲ್ಲ. ಕಿಟಕಿಯ ಸರಳು ನೋಡಿದಳು.

ಚಿಸೊಮೊ ಬರೆಯುತ್ತಿದ್ದ ಪುಸ್ತಕ ಮುಚ್ಚಿದಳು. ಆಮೇಲೆ "ಠೀಕ್ ಹೈ, ಆಯಿ" ಎಂದಳು. ಮತ್ತೆ ತಾನೇ ತುಟಿಯ ಮೇಲೆ ಬೆರಳಿಟ್ಟು, ದನಿ ಮಾಡುವುದಿಲ್ಲ ಎಂಬಂತೆ ಸನ್ನೆ ಮಾಡಿದಳು.

ರವಿವಾರ ಹನ್ನೊಂದಕ್ಕೆ ಕಾಗವಾಡದವರು ಜೀಪಿನಲ್ಲಿ ಬಂದರು. ಹುಡುಗಿಯ ತಂದೆ, ಇಬ್ಬರು ಕಾಕಾಗಳು, ಒಬ್ಬಳು ಸೋದರತ್ತೆ. ಸುಗಂಧಾ ಬೆಳಗಿನ ಐದಕ್ಕೇ ಎದ್ದು ಅಂಗಳ ಸಾರಿಸಿದ್ದಳು. ಶಿರಾ, ಅವಲಕ್ಕಿ, ಆಮೇಲೆ ಕೋಳಿ ಸಾರು, ರೊಟ್ಟಿ, ಅನ್ನ. ನೀಲಮ ಸೀರೆ ಉಟ್ಟು, ಗಂಟು ಮುಖ ಹಾಕಿಕೊಂಡೇ ಚಹಾದ ತಟ್ಟೆ ಹಿಡಿದು ತಿರುಗಿದಳು. ಮುದುಕಿ ಸೀತವ್ವ ಏನಾದರೂ ಬಾಯಿ ಬಿಟ್ಟಾಳೆಂದು ಭರಮು ಅವಳ ಪಕ್ಕದಲ್ಲೇ ಕೂತಿದ್ದ. ಬಂದವರು ಒಳ್ಳೆಯ ಜನ. ಮಳೆ, ಕೃಷ್ಣಾ ನದಿಯ ನೀರು, ಕಬ್ಬಿನ ದರ ಎಂದು ಮಾತಾಡಿದರು. ಹುಡುಗಿಯ ಅತ್ತೆ ಅಡಿಗೆ ಮನೆಗೆ ಬಂದು ನೋಡಿದಳು. ಹಿಂದಿನ ಖೋಲಿಯ ಮುಚ್ಚಿದ ಬಾಗಿಲ ಮುಂದೆ ನಿಂತಾಗ ಸುಗಂಧಾ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

"ಇದು?"

"ಬೀಡಿ ಸಾಮಾನ ಇಡೂ ಖೋಲ್ರಿ. ತಂಬಾಕದ ಘಾಟು. ಬ್ಯಾಡ್ರಿ, ಕೆಮ್ಮು ಬರ್ತೈತಿ."

ಒಳಗಿನಿಂದ ಒಂದು ಸದ್ದೂ ಬರಲಿಲ್ಲ. ಚಿಸೊಮೊ ಕೊಟ್ಟ ಮಾತಿನಂತೆ ಇದ್ದಾಳೆ ಎಂದು ಸುಗಂಧಾ ಮನಸ್ಸಿನಲ್ಲೇ ಅವಳನ್ನು ಹರಸಿದಳು.

ಬಂದವರು ಉಂಡು, ಎಲೆ ಅಡಿಕೆ ಹಾಕಿಕೊಂಡು, ಎರಡೂವರೆಗೆ ಹೊರಟರು. ಜೀಪು ತಿರುವಿನಲ್ಲಿ ಮರೆಯಾದ ಮೇಲೆ ಸುಗಂಧಾ ಒಂದು ತಾಟಿನಲ್ಲಿ ರೊಟ್ಟಿ, ಸಾರು, ಎರಡು ಒಳ್ಳೆಯ ತುಂಡು ಹಾಕಿಕೊಂಡು ಹಿಂದಿನ ಬಾಗಿಲು ತೆರೆದಳು. ಒಳಗೆ ಒಲೆಯಂಥ ಸೆಕೆ. ಚಿಸೊಮೊ ಎಲೆಯ ಚೀಲಕ್ಕೆ ಬೆನ್ನು ಕೊಟ್ಟು ಮೊಣಕಾಲು ಮಡಚಿ ಕೂತಿದ್ದಳು. ಓಡಣಿಯನ್ನು ಉಂಡೆ ಮಾಡಿ ಬಾಯಲ್ಲಿ ತುರುಕಿಕೊಂಡಿದ್ದಳು. ಅದನ್ನು ಹಲ್ಲಿನಿಂದ ಕಚ್ಚಿ ಕಚ್ಚಿ ತುಟಿಯ ಬದಿ ರಕ್ತ ಬಂದಿತ್ತು. ಕಣ್ಣೀರು ಕುತ್ತಿಗೆಯವರೆಗೆ ಇಳಿದು ಅಂಗಿ ತೊಯ್ದಿತ್ತು. ಫೋನು ನೆಲದ ಮೇಲೆ ಬಿದ್ದಿತ್ತು.

"ಏ ಸೋಮವ್ವಾ, ಏನಾತ? ನೀಲಮಾ, ಬಾ ಇಲ್ಲಿ."

ನೀಲಮ ಓಡಿ ಬಂದು ಬಾಯಿಂದ ಬಟ್ಟೆ ತೆಗೆದಳು. ಆಗ ಒಳಗಿನಿಂದ ಬಂದ ದನಿ ಅಳುವೂ ಆಗಿರಲಿಲ್ಲ. ಇಬ್ಬರೂ ಇಂಗ್ಲಿಷಿನಲ್ಲಿ ಏನೋ ಮಾತಾಡಿದರು. ನೀಲಮ ಗೆಳತಿಯ ತಲೆಯನ್ನು ಎದೆಗೊತ್ತಿಕೊಂಡು ತಾಯಿಯ ಕಡೆ ತಿರುಗಿದಳು.

"ಅವರವ್ವ ತೀರಿಕೊಂಡ್ಲಂತ. ಅಕಿ ತಮ್ಮ ಮೆಸೇಜ್ ಮಾಡ್ಯಾನ."

"ಯಾವಾಗ?"

"ಮೆಸೇಜ್ ಬಂದಿದ್ದು ಹನ್ನೊಂದೂವರೆಗೆ."

ಸುಗಂಧಾ ತಾಟು ಹಿಡಿದುಕೊಂಡೇ ನಿಂತಿದ್ದಳು. ಹನ್ನೊಂದೂವರೆಗೆ ತಾನು ಶಿರಾ ಬಡಿಸುತ್ತಿದ್ದೆ ಎಂಬುದು ಅವಳಿಗೆ ನೆನಪಾಯಿತು. "ಹೊರಗ ಬರಬೇಕಿತ್ತು. ಒದರಬೇಕಿತ್ತು" ಎಂದಳು.

ನೀಲಮ ಅದನ್ನು ಗೆಳತಿಗೆ ಹೇಳಲಿಲ್ಲ. "ನೀನ ಒಳಗ ಕುಂಡ್ರು ಅಂದಿದ್ದಿ ಅವ್ವಾ" ಎಂದಳು ಅಷ್ಟೆ.

ಊರಿಗೆ ಹೋಗುವ ಮಾತು ಬಂತು. ವಿಮಾನದ ಟಿಕೀಟು, ದೆಹಲಿಯಿಂದ ಒಂದು, ನಡುವೆ ಇನ್ನೊಂದು ದೇಶದಲ್ಲಿ ಇಳಿದು ಮತ್ತೊಂದು. ಎಷ್ಟು ಬೇಗ ಹೊರಟರೂ ಮೂರು ದಿನ. ಮಣ್ಣು ಮಾಡುವುದು ನಾಳೆಯೇ ಎಂದು ತಮ್ಮ ಹೇಳಿದ್ದ. ಚಿಸೊಮೊ ತಲೆ ಅಲ್ಲಾಡಿಸಿದಳು. ಹೋಗುವುದಿಲ್ಲ, ಹೋಗಿ ಯಾರನ್ನು ನೋಡಲಿ ಎಂದಳಂತೆ. ಅವಳನ್ನು ಮುಂದಿನ ಪಡಸಾಲೆಗೆ ಕರೆತಂದು, ಬೆಳಿಗ್ಗೆ ಬೀಗರಿಗೆಂದು ಹಾಸಿದ್ದ ಜಮಖಾನದ ಮೇಲೆ ಕೂರಿಸಿದರು. ಸೀತವ್ವ ಕೋಲೂರಿಕೊಂಡು ಬಂದು ಎದುರಿಗೆ ಕೂತಳು.

"ಹೆಸರೇನ ಅಕಿದು?"

"ಎಸ್ನಾತ್, ಆಯಿ" ಎಂದಳು ನೀಲಮ.

"ಎಸನವ್ವ. ತಂಬಾಕದ ಎಲಿ ಕೊಯ್ಯಾಕಿ. ಎಷ್ಟು ವಯಸ್ಸು?"

"ಐವತ್ತನಾಲ್ಕು."

"ನನ್ನಕಿಂತ ಎಷ್ಟು ಸಣ್ಣಾಕಿ ಹೋದ್ಲಲ್ಲ" ಎಂದು ಮುದುಕಿ ಸೆರಗು ಬಾಯಿಗೆ ಇಟ್ಟುಕೊಂಡಳು. ಆಮೇಲೆ ಊರಲ್ಲಿ ಸತ್ತವರ ಮುಂದೆ ಕೂತು ಹಾಡಿಕೊಂಡು ಅಳುವಂತೆಯೇ ರಾಗ ಎಳೆದು ಅಳತೊಡಗಿದಳು. ಎಸನವ್ವ, ಇಬ್ಬನಿಯೊಳಗ ಹೋದೀ, ಮಗಳು ಬರೂತನಕ ತಡೀಲಿಲ್ಲ, ನನ್ನಂಥಾ ಮುದುಕಿನ್ನ ಬಿಟ್ಟು ನಿನ್ನ ಕರಕೊಂಡು ಹೋದ್ರಲ್ಲ ಎಂದು. ಚಿಸೊಮೊಗೆ ಒಂದು ಶಬ್ದವೂ ತಿಳಿಯಲಿಲ್ಲ, ತಾಯಿಯ ಹೆಸರೊಂದನ್ನು ಬಿಟ್ಟು. ಅದನ್ನು ಕೇಳಿ ಅವಳು ಗಟ್ಟಿಯಾಗಿ ಅತ್ತಳು. ನಾಲ್ಕು ಗಂಟೆಯ ಹೊತ್ತಿಗೆ ಅವಳ ಫೋನಿಗೆ ತಮ್ಮ ಕಳಿಸಿದ ರೆಕಾರ್ಡಿಂಗ್ ಬಂತು. ಸತ್ತ ಮನೆಯಲ್ಲಿ ಹೆಂಗಸರು ಕೂಡಿ ಹಾಡುತ್ತಿದ್ದರು. ಸೀತವ್ವ ಅಳು ನಿಲ್ಲಿಸಿ ಕಿವಿಗೊಟ್ಟು, "ಭಾಳ ಮಂದಿ ಕೂಡ್ಯಾರ. ಛಲೋ ಬಾಳುವೆ ಮಾಡ್ಯಾಳ ನಿಮ್ಮವ್ವ" ಎಂದಳು.

ಸುಗಂಧಾ ಎದ್ದು ಅಡಿಗೆ ಮನೆಗೆ ಹೋದಳು. ಸಂಜೆಯ ರೊಟ್ಟಿಗೆ ಹಿಟ್ಟು ತೆಗೆದವಳು ಮತ್ತೆ ಡಬ್ಬಿಗೆ ಹಾಕಿ, ಗೋಡೆಯಾಚೆಯ ಕಾಂಚನಳ ಮನೆಗೆ ಹೋದಳು.

"ನಮ್ಮ ಮನ್ಯಾಗ ಸಾವಾಗೇತಿ ಕಾಂಚನಾ. ಒಲಿ ಹಚ್ಚೂ ಹಂಗಿಲ್ಲ. ಹತ್ತು ರೊಟ್ಟಿ, ಏನರ ಪಲ್ಲೆ ಕೊಡು."

ಕಾಂಚನ ಗಾಬರಿಯಾಗಿ ಎದ್ದಳು. "ಯಾರು? ಆಯಿ ಏನ?"

"ಅಲ್ಲ. ನಮ್ಮ ಹುಡುಗಿ ಅವ್ವ. ಸೋಮವ್ವನ ಅವ್ವ."

ಕಾಂಚನ ಒಂದು ಗಳಿಗೆ ಸುಗಂಧಾಳನ್ನೇ ನೋಡಿದಳು. ಆಮೇಲೆ ಹಿಟ್ಟು ನಾದುವ ಪರಾತ ಎಳೆದುಕೊಂಡಳು. ರೊಟ್ಟಿ ತಂದು ಕೊಟ್ಟವಳು ತಾನೂ ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಕೂತು ಹೋದಳು. ಹೊತ್ತು ಮುಳುಗುವುದರೊಳಗೆ ಓಣಿಯ ಇನ್ನೂ ನಾಲ್ಕು ಹೆಂಗಸರು ಬಂದು ಕೂತರು.

ಭರಮುವನ್ನು ಬಸ್ಸಿಗೆ ಬಿಟ್ಟು ಬಂದ ಸಮಾಧಾನ ಬಾಗಿಲಲ್ಲಿ ಚಪ್ಪಲಿಗಳನ್ನು ನೋಡಿದ. ತಾಯಿಯನ್ನು ಹಿತ್ತಲಿಗೆ ಕರೆದ.

"ಮುಂಜಾನೆ ಅಡಗಿಸಿದ್ದು ಯಾಕ, ಸಂಜಿಮುಂದ ಊರಿಗೆಲ್ಲ ಸಾರೂದು ಯಾಕ? ಕಾಗವಾಡದವರ ಕಿವಿಗೆ ಬಿದ್ರ?"

"ಬೀಳಲಿ."

"ಬೀಳಲಿ ಅಂತೀಯಲ್ಲ ಅವ್ವಾ."

"ಮೂರು ತಾಸು ಬಾಯಾಗ ಬಟ್ಟಿ ಹಿಡಕೊಂಡು ಕುಂತಿದ್ಲು ಸಮಾಧಾನಾ. ನಿನಗ ತ್ರಾಸಾಗಬಾರದು ಅಂತ. ಅವ್ವ ಸತ್ತಾಗ."

ಸಮಾಧಾನ ಬಚ್ಚಲ ಕಲ್ಲಿನ ಮೇಲೆ ಕೂತು ಮುಖ ತೊಳೆದುಕೊಂಡ. ತುಕಾರಾಮ ಯಾವಾಗಲೋ ಅವನ ಹಿಂದೆ ಬಂದು ನಿಂತಿದ್ದ. "ಅವತ್ತ ನಾ ಬ್ಯಾಡ ಅನ್ನಬೇಕಿತ್ತು" ಎಂದ. ಯಾರಿಗೆ ಹೇಳಿದನೋ ತಿಳಿಯಲಿಲ್ಲ. ಅಷ್ಟರಲ್ಲಿ ಸಮಾಧಾನನ ಫೋನು ರಿಂಗಾಯಿತು. ಕಾಗವಾಡದವರು ಒಪ್ಪಿದ್ದರು. ದೀಪಾವಳಿಯ ಮೇಲೆ ಲಗ್ನ ಇಟ್ಟುಕೊಳ್ಳೋಣ ಎಂದರು. ಫೋನು ಇಟ್ಟ ಮೇಲೆ ಅವನು ಅದನ್ನು ಹೇಳಲು ಪಡಸಾಲೆಗೆ ಬಂದ. ಕೂತವರನ್ನು ನೋಡಿ ಹೇಳದೆ ಹಿಂತಿರುಗಿದ. ಎರಡು ವರ್ಷ ಕಾದ ಸುದ್ದಿಯನ್ನು ಆ ಮನೆಯಲ್ಲಿ ಮರುದಿನ ಬೆಳಿಗ್ಗೆ ಚಹಾದ ಹೊತ್ತಿಗೆ, ಮೆಲ್ಲಗೆ, ಯಾರೋ ಬೇರೆಯವರ ಸುದ್ದಿಯಂತೆ ಹೇಳಿಕೊಂಡರು.

ಚಿಸೊಮೊ ಇನ್ನೂ ಎಂಟು ದಿನ ಇದ್ದಳು. ಕೆಲಸ ನಿಲ್ಲಿಸಲಿಲ್ಲ. ಅಂಗಳ ಗುಡಿಸಿದಳು, ನೀರು ತಂದಳು, ಬಾಕಿ ಉಳಿದಿದ್ದ ನಾಲ್ವರು ತಂಬಾಕಿನ ಹೆಂಗಸರ ಮಾತು ರೆಕಾರ್ಡ್ ಮಾಡಿಕೊಂಡಳು. ಸುಗಂಧಾ ದಿನವೂ ಅವಳ ತಲೆಗೆ ಎಣ್ಣೆ ಹಚ್ಚಿ, ಆ ಸಣ್ಣ ಜಡೆಗಳ ನಡುವಿನ ಬೈತಲೆಯಲ್ಲಿ ಬೆರಳಾಡಿಸುತ್ತಿದ್ದಳು. ಹುಡುಗಿ ಬೇಡವೆನ್ನಲಿಲ್ಲ. ಆದರೆ ಸಂಜೆ ಬೀಡಿ ಸುತ್ತಲು ಎದುರಿಗೆ ಬಂದು ಕೂರಲಿಲ್ಲ. ಹೊರಗಿನಿಂದ ಯಾರಾದರೂ ಬಾಗಿಲು ಬಡಿದರೆ ತಾನಾಗಿಯೇ ಎದ್ದು ಹಿಂದಿನ ಖೋಲಿಗೆ ಹೋಗುತ್ತಿದ್ದಳು. ಯಾರೂ ಹೇಳಿರಲಿಲ್ಲ. "ಬ್ಯಾಡ, ಇಲ್ಲೇ ಕುಂಡ್ರು" ಎಂದು ಸುಗಂಧಾ ಕೈ ಹಿಡಿದರೆ ಮೆಲ್ಲಗೆ ನಕ್ಕು, ಕೈ ಬಿಡಿಸಿಕೊಂಡು ಹೋಗುತ್ತಿದ್ದಳು.

ಹೊರಡುವ ದಿನ ಇಬ್ಬರ ಚೀಲವೂ ಬಾಗಿಲಲ್ಲಿತ್ತು. ನೀಲಮಳ ರಜೆ ಇನ್ನೂ ಹದಿನೈದು ದಿನ ಉಳಿದಿದ್ದರೂ ಅವಳೂ ಹೊರಟಿದ್ದಳು. ಸುಗಂಧಾ ಮಗಳ ಮೊಣಕೈ ಹಿಡಿದು, "ಅವತ್ತ ಒಳಗ ಕುಂಡ್ರಸಿದ್ದು ನನ್ನ ತಪ್ಪು ಅಂತ ಅಕಿಗೆ ಹೇಳ" ಎಂದಳು.

"ಒಳಗ ಕುಂಡ್ರು ಅಂತ ನೀನ ಹೇಳಿದ್ದಿ ಅವ್ವಾ. ಇದನ್ನೂ ನೀನ ಹೇಳು."

"ನನಗ ಭಾಷಾ ಎಲ್ಲಿ ಬರ್ತೈತಿ?"

"ಅವತ್ತ ಬಂತಲ್ಲ."

ಸುಗಂಧಾ ಚಿಸೊಮೊಳ ಮುಂದೆ ಹೋಗಿ ನಿಂತಳು. "ಬೇಟಿ" ಎಂದಳು. ಮುಂದಿನ ಶಬ್ದಕ್ಕಾಗಿ ಹುಡುಕಿದಳು. ಮೆಹಮಾನ್, ಶಾದಿ, ಅಂದರ್ ಎಂಬ ಅವತ್ತಿನ ಶಬ್ದಗಳಷ್ಟೇ ಬಾಯಿಗೆ ಬಂದವು. ಚಿಸೊಮೊ ಒಂದಿಷ್ಟು ಕಾದಳು. ಆಮೇಲೆ ಬಾಗಿ ಅವಳ ಕಾಲು ಮುಟ್ಟಿ, ಸೀತವ್ವನ ಕಾಲು ಮುಟ್ಟಿ, ರಿಕ್ಷಾ ಹತ್ತಿದಳು.

ಡಿಸೆಂಬರಿನಲ್ಲಿ ಅಥಣಿಯ ಒಂದು ಸಭಾಭವನದಲ್ಲಿ ಲಗ್ನವಾಯಿತು. ನೀಲಮ ಹಿಂದಿನ ದಿನ ಬಂದಳು. ಕೆಲಸವನ್ನೆಲ್ಲ ಮಾಡಿದಳು, ಅಣ್ಣನ ಬಿಳಿ ಅಂಗಿಗೆ ಇಸ್ತ್ರಿ ಹಾಕಿದಳು, ಬಂದವರಿಗೆ ಬಡಿಸಿದಳು. ತಾಯಿಯೊಂದಿಗೆ ಊಟ ಆಯಿತೇ, ಮಾತ್ರೆ ತಗೊಂಡೆಯಾ ಎಂಬುದರಾಚೆ ಮಾತು ಬೆಳೆಸಲಿಲ್ಲ. ಎಂ.ಎ. ಮುಗಿದಿತ್ತು. ಮುಂದೆ ಪಿಎಚ್.ಡಿ. ಎಂದು ತಂದೆಗೆ ಹೇಳಿದ್ದಳು. ಚಿಸೊಮೊ ಎಲ್ಲಿದ್ದಾಳೆ ಎಂದು ಸುಗಂಧಾ ಕೇಳಿದಾಗ, "ಅಗಸ್ಟದಾಗ ಊರಿಗೆ ಹೋದ್ಲು. ಅಲ್ಲೇ ಸಾಲ್ಯಾಗ ಕಲಸ್ತಾಳ" ಎಂದಳು. ಏನಾದರೂ ಹೇಳಿ ಕಳಿಸಿದ್ದಾಳೆಯೇ ಎಂದು ಕೇಳಲು ಸುಗಂಧಾಗೆ ಧೈರ್ಯವಾಗಲಿಲ್ಲ. ಲಗ್ನದ ಮರುದಿನವೇ ನೀಲಮ ಮುಂಬೈ ಬಸ್ಸು ಹತ್ತಿದಳು.

ಸೊಸೆ ಮನಿಷಾ ಬಿಡುಬೀಸು ಹುಡುಗಿ. ಮೂರನೆಯ ದಿನ ಬೆಳಿಗ್ಗೆಯೇ ಅಡಿಗೆ ಮನೆಗೆ ಬಂದು ರೊಟ್ಟಿಯ ಹಿಟ್ಟು ನಾದಲು ಕೂತಳು. ಅತ್ತೆ ಬಡಿಯುತ್ತಿದ್ದಳು, ಸೊಸೆ ಉಂಡೆ ಮಾಡಿ ಕೊಡುತ್ತಿದ್ದಳು.

"ಅತ್ತಿ, ನೀಲಮನ ಗೆಳತಿ ಆಫ್ರಿಕಾದಾಕಿ ಇಲ್ಲಿ ಬಂದು ಇದ್ಲಂತಲ್ರಿ. ಪಕ್ಕದಮನಿ ಕಾಂಚನಕ್ಕ ಹೇಳಿದ್ರು. ಲಗ್ನಕ್ಕ ಯಾಕ ಕರೀಲಿಲ್ರಿ?"

"ಊರಿಗೆ ಹೋಗ್ಯಾಳವಾ."

"ನಾ ನೋಡಬೇಕಿತ್ತ್ರಿ. ನಮ್ಮ ದವಾಖಾನಿಗೆ ಆಫ್ರಿಕಾ ಕಡಿ ಪೇಶಂಟ್ ಬರ್ತಾರ. ಒಬ್ಬಾಕಿ ಅಜ್ಜಿ ನನ್ನ ಕೈ ಹಿಡಕೊಂಡಽ ಮಲಗತಿದ್ಲು. ನಮ್ಮಪ್ಪಗ ಆ ಮಂದಿ ಅಂದ್ರ ಭಾಳ ಜೀವ. ನನ್ನ ಬಿಡಾಕ ಬಂದಾಗೆಲ್ಲ ಅವರ ಸಂಗಾಟ ಮಾತಾಡ್ಕೊಂತ ಕುಂಡ್ರತಿದ್ರು." ಅವಳು ಇನ್ನೊಂದು ಉಂಡೆ ಮಾಡಿ ಪರಾತದ ಅಂಚಿಗಿಟ್ಟಳು. "ಮನಿ ನೋಡಿ ಬಂದ ದಿನ ನಮ್ಮಪ್ಪ ಏನಂದ್ರು ಗೊತ್ತೇನ್ರಿ ಅತ್ತಿ? ಮನಿ ಸಣ್ಣದೈತಿ, ಆದ್ರ ಭಾಳ ಶಾಂತ ಐತಿ, ಒಳಗಿಂದ ಒಂದ ದನಿ ಕೇಳಲಿಲ್ಲ, ನೀ ಸುಖದಿಂದ ಇರ್ತಿ ಅಂದ್ರು. ಅದಕ್ಕಽ ಒಪ್ಪಿದ್ವಿ ನಾವು."

ಸುಗಂಧಾ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿದಳು. ನೀರು ಸವರಿದಳು. ತಿರುವಿ ಹಾಕುವುದನ್ನು ಮರೆತಳು. ರೊಟ್ಟಿ ಒಂದೇ ಮಗ್ಗುಲಿಗೆ ಹೊತ್ತತೊಡಗಿತು.

"ಅತ್ತಿ, ಸುಡಾಕತ್ತೈತ್ರಿ."

"ಅವತ್ತ ಅಕಿ ಒಳಗಽ ಇದ್ಲು" ಎಂದಳು ಸುಗಂಧಾ. "ನಾನಽ ಕುಂಡ್ರಸಿದ್ದೆ. ನಿಮಗ ಕಾಣಬಾರದು ಅಂತ. ನಿಮ್ಮಪ್ಪ ಉಣ್ಣೂ ಹೊತ್ತಿನ್ಯಾಗ ಅವರವ್ವ ಸತ್ತ ಸುದ್ದಿ ಬಂದಿತ್ತು."

ಮನಿಷಾ ಹಿಟ್ಟಿನ ಕೈಯನ್ನು ಪರಾತದ ಮೇಲೆ ಹಾಗೇ ಹಿಡಿದುಕೊಂಡು ಅತ್ತೆಯನ್ನು ನೋಡುತ್ತ ಕೂತಳು. ಮೂರು ದಿನದ ಹಿಂದೆ ಬಂದ ಸೊಸೆ, ಈ ಮನೆಯಲ್ಲಿ ಇನ್ನೂ ಯಾವ ಡಬ್ಬಿಯಲ್ಲಿ ಏನಿದೆ ಎಂದು ತಿಳಿಯದವಳು. ಇಷ್ಟು ತಿಂಗಳು ಹುಡುಕಿದರೂ ಸಿಗದಿದ್ದ ಮಾತು ಈಗ ಸುಗಂಧಾಳ ಬಾಯಿಗೆ ಸರಾಗವಾಗಿ ಬರುತ್ತಿತ್ತು. "ನಾ ತಪ್ಪು ಮಾಡಿದೆ. ಭಾಳ ದೊಡ್ಡ ತಪ್ಪು ಮಾಡಿದೆವ್ವಾ" ಎಂದು ಅವಳು ಮತ್ತೆ ಮತ್ತೆ ಹೇಳಿದಳು. ಯಾರಿಗೆ ಹೇಳಬೇಕಿತ್ತೋ ಅವಳು ಸಮುದ್ರದಾಚೆ ಯಾವುದೋ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಮನಿಷಾ ಎದ್ದು ಒಲೆಯನ್ನು ಸಣ್ಣಗೆ ಮಾಡಿ, ಸುಟ್ಟ ರೊಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟಳು.